ಚಪ್ಪರದ ಕುರ್ಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ. ಮಕ್ಕಳ ಸಾಕರ್ ಮ್ಯಾಚು, ಕನ್ನಡ ಕೂಟದ ಪಿಕ್ನಿಕ್ಕು, ಜುಲೈ ತಿಂಗಳ ಪಟಾಕಿ, ಎಲ್ಲಿಗೆ ಹೋದರೂ ಕಾರಿನ ಡಿಕ್ಕಿಯಲ್ಲಿ ಒಂದು ಉದ್ದನೆಯ ಚೀಲ ಇದ್ದೇ ಇರುತ್ತದೆ. ಅದರೊಳಗೆ ತಲೆ ಮೇಲೆ ಬಟ್ಟೆಯ ನೆರಳಿರುವ, ಇಬ್ಬರು ಕೂರಬಹುದೇನೋ ಅನ್ನಿಸುವಷ್ಟು ಅಗಲದ ಮಡಚುವ ಕುರ್ಚಿ. ಅಂಗಡಿಯಲ್ಲಿ ಇದಕ್ಕೆ ಓವರ್‌ಸೈಜ್ಡ್ ಕ್ಯಾನಪಿ ಚೇರ್ ಅಂತ ಹೆಸರು. ತೀರ್ಥಹಳ್ಳಿ ಕಡೆಯಿಂದ ಬಂದ ಅಮ್ಮ ಅದರಲ್ಲಿ ಕೂತ ಮೊದಲ ದಿನವೇ "ಚಪ್ಪರದ ಕುರ್ಚಿ" ಅಂದರು. ಮನೆಯಲ್ಲಿ ಆ ಹೆಸರೇ ನಿಂತಿತು.

ಆರು ವರ್ಷದಲ್ಲಿ ಮೈದಾನದ ಅಂಚಿನಲ್ಲಿ, ವಾಟ್ಸಾಪ್‌ನಲ್ಲಿ, ಊಟದ ಸಾಲಿನಲ್ಲಿ ನಿಂತಾಗ ಇದರ ಬಗ್ಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಕೊಳ್ಳುವ ಮೊದಲು

ಮಾಮೂಲಿ ಮಡಚೋ ಕುರ್ಚಿಗೂ ಇದಕ್ಕೂ ಏನು ವ್ಯತ್ಯಾಸ? ಅದಕ್ಕೇ ಒಂದು ಕೊಡೆ ಕಟ್ಟಿದರೆ ಸಾಕಲ್ವಾ?

ಅಗಲ, ಗಟ್ಟಿತನ, ಮೇಲಿನ ನೆರಳು, ಇಷ್ಟೇ ವ್ಯತ್ಯಾಸ. ಮಾಮೂಲಿ ಕುರ್ಚಿಯ ಸೀಟು ಸುಮಾರು 50 ಸೆಂ.ಮೀ. ಅಗಲ ಇದ್ದರೆ ಇದು 60ರ ಮೇಲಿರುತ್ತದೆ. ಮಾಮೂಲಿಯದು 225 ಪೌಂಡ್, ಅಂದರೆ 102 ಕೆ.ಜಿ. ತಡೆಯುತ್ತದೆ ಅಂತ ಬರೆದಿದ್ದರೆ ಇದರ ಮೇಲೆ 300 ಪೌಂಡ್, ಕೆಲವದರ ಮೇಲೆ 500 ಪೌಂಡ್ ಅಂತಲೂ ಇರುತ್ತದೆ. ಅದಕ್ಕೆ ತಕ್ಕ ಹಾಗೆ ಕುರ್ಚಿಯ ತೂಕವೂ ಜಾಸ್ತಿ. ನಮ್ಮದು ಐದೂವರೆ ಕೆ.ಜಿ.

ಕೊಡೆ ಕಟ್ಟುವುದನ್ನು ನಾನೂ ಮಾಡಿ ನೋಡಿದ್ದೇನೆ. ಕ್ಲಿಪ್ ಇರುವ ಕೊಡೆ ಸಿಗುತ್ತದೆ. ಅದರ ಭಾರ ಪೂರ್ತಿ ಒಂದೇ ಕಡೆಯ ತೆಳು ಪೈಪಿನ ಮೇಲೆ ಬೀಳುತ್ತದೆ. ಒಂದು ಬೀಸು ಗಾಳಿ ಬಂದರೆ ಕುರ್ಚಿ ಪಕ್ಕಕ್ಕೆ ವಾಲುತ್ತದೆ, ಕೊಡೆ ಪಕ್ಕದವರ ಕಿವಿಗೆ ತಾಗುತ್ತದೆ. ಚಪ್ಪರದ ಕುರ್ಚಿಯಲ್ಲಿ ನೆರಳಿನ ಬಟ್ಟೆಯನ್ನು ಎರಡೂ ಪಕ್ಕದ ಕಂಬಗಳು ಹೊರುತ್ತವೆ. ಬೇಕಾದ ಕಡೆ ಬಾಗಿಸಬಹುದು, ಬೇಡ ಅಂದರೆ ಹಿಂದಕ್ಕೆ ಮಡಚಬಹುದು.

ಮೂಲ ಉಪಾಯ ಮಾತ್ರ ನಮ್ಮ ಅಜ್ಜನ ಆರಾಮ ಕುರ್ಚಿಯದೇ. ಚೌಕಟ್ಟಿಗೆ ಒಂದು ಗಟ್ಟಿ ಬಟ್ಟೆ ಜೋತು ಬಿಟ್ಟು ಅದರಲ್ಲಿ ಮೈ ಚೆಲ್ಲುವುದು. ಮೇಲಿನ ಕೋಲು ಎಳೆದಿಟ್ಟು ದೊಡ್ಡವರನ್ನು ದೊಪ್ಪಂತ ಬೀಳಿಸಿ ಏಟು ತಿಂದವರಿಗೆ ಇದು ಬೇಗ ಅರ್ಥವಾಗುತ್ತದೆ.

ಎಷ್ಟಾಗುತ್ತೆ? ಯಾವಾಗ ತಗೊಂಡರೆ ಅಗ್ಗ?

ನಾನು ಕೊಟ್ಟದ್ದು 65 ಡಾಲರ್. 40ರಿಂದ 100ರವರೆಗೆ ಸಿಗುತ್ತವೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ ಅಂಗಡಿಗಳು ಬೇಸಿಗೆ ಸಾಮಾನು ಖಾಲಿ ಮಾಡುತ್ತವೆ, ಆಗ ನೋಡಿ. ಟೆಕ್ಸಸ್‌ನಲ್ಲಿ ಅಕ್ಟೋಬರ್‌ವರೆಗೂ ಬಿಸಿಲು ಇರುವುದರಿಂದ ನಮಗೆ ಇದು ನಿಜಕ್ಕೂ ಲಾಭ.

ನಾವು ಮನೆಯಲ್ಲಿ ನಾಲ್ಕು ಜನ. ನಾಲ್ಕೂ ಇದೇ ತಗೊಳ್ಳೋದಾ?

ಬೇಡ. ಒಂದು ಸಾಕು. ನಾಲ್ಕು ತಗೊಂಡರೆ ಡಿಕ್ಕಿಯಲ್ಲಿ ಕೂಲರ್ ಇಡಲು ಜಾಗ ಇರುವುದಿಲ್ಲ, ಪಾರ್ಕಿಂಗ್‌ನಿಂದ ಮೈದಾನದವರೆಗೆ 22 ಕೆ.ಜಿ. ಹೊರಬೇಕು. ಮಕ್ಕಳು ಹೇಗೂ ಕೂರುವುದಿಲ್ಲ. ಈ ಕುರ್ಚಿಯ ನಿಜವಾದ ಉಪಯೋಗ ಎರಡು ಮೂರು ಗಂಟೆ ಕದಲದೆ ಕೂರಬೇಕಾದ ಒಬ್ಬರಿಗೆ. ಊರಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮ, ಬಸುರಿ, ಮೊನ್ನೆ ಮೊನ್ನೆ ಆಪರೇಷನ್ ಆದವರು, ಹಾಲು ಕುಡಿಸುವ ತಾಯಿ. ಉಳಿದವರಿಗೆ ಹದಿನೈದು ಡಾಲರಿನ ಮಾಮೂಲಿ ಕುರ್ಚಿ, ಒಂದು ಟೋಪಿ.

300 ಪೌಂಡ್ ಅಂತ ಬರೆದಿದೆ. ನಾನಿರೋದು 75 ಕೆ.ಜಿ. ನನಗ್ಯಾಕೆ ಅಷ್ಟು ಗಟ್ಟಿ?

ಆ ಅಂಕಿ ಸಮತಟ್ಟಾದ ನೆಲದಲ್ಲಿ, ನಿಧಾನವಾಗಿ, ಸೀಟಿನ ಮಧ್ಯೆ ಕೂತವರ ಲೆಕ್ಕ. ನಾವು ಹಾಗೆ ಕೂರುವುದಿಲ್ಲ. ದಣಿದು ಬಂದು ಧೊಪ್ಪೆಂದು ಬೀಳುತ್ತೇವೆ. ತೊಡೆ ಮೇಲೆ ಮಗು ಹತ್ತುತ್ತದೆ. ಹಿಂದಿನ ಎಡಗಾಲು ಹುಲ್ಲಿನ ಗುಳಿಯಲ್ಲಿರುತ್ತದೆ. ಆಗ ಒಂದೇ ಕಾಲಿನ ಮೇಲೆ ಬೀಳುವ ಹೊರೆ ನಿಮ್ಮ ತೂಕಕ್ಕಿಂತ ಬಹಳ ಜಾಸ್ತಿ. ಆದ್ದರಿಂದ ತೂಕದ ಒಂದೂವರೆ ಪಟ್ಟಾದರೂ ತಡೆಯುವಂಥದ್ದನ್ನು ನೋಡುವುದು ನನ್ನ ರೂಢಿ.

ಅಂಗಡಿಯಲ್ಲಿ ಎಲ್ಲಾ ಒಂದೇ ಥರ ಕಾಣ್ತವೆ. ಏನು ನೋಡಿ ತಗೋಬೇಕು?

ಮೊದಲು ಕೂತು ನೋಡಿ. ನಾಚಿಕೆ ಬೇಡ, ಚೀಲ ಬಿಚ್ಚಿ ಕೂರಿ. ಮುಂಗಡೆಯ ಅಂಚು ತೊಡೆಯ ಹಿಂಭಾಗಕ್ಕೆ ಒತ್ತಿದರೆ ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ, ಅದು ಬೇಡ. ತಲೆ ಎತ್ತಿದಾಗ ಚಪ್ಪರದ ಅಡ್ಡಪಟ್ಟಿ ನೆತ್ತಿಗೆ ತಾಗುತ್ತದಾ ನೋಡಿ. ನಮ್ಮೆಜಮಾನರು ಆರಡಿ ಒಂದಿಂಚು. ಮೊದಲು ನೋಡಿದ ಕುರ್ಚಿಯಲ್ಲಿ ಅವರು ಗೂಡಿನೊಳಗಿನ ಗೂಬೆಯ ಹಾಗೆ ಕೂತಿದ್ದರು.

ಆಮೇಲೆ ಎದ್ದು ಕೆಳಗೆ ಬಗ್ಗಿ. ಕಾಲುಗಳು ಕತ್ತರಿಯ ಹಾಗೆ ದಾಟುವಲ್ಲಿ, ಪೈಪುಗಳು ಸೇರುವಲ್ಲಿ ಪ್ಲಾಸ್ಟಿಕ್ ಗಂಟುಗಳಿರುತ್ತವೆ. ಕುರ್ಚಿ ಸಾಯುವುದು ಬಹುತೇಕ ಅಲ್ಲಿಯೇ. ಅವು ದಪ್ಪ ಇರಬೇಕು, ರಿವೆಟ್ ಅಲುಗಾಡಬಾರದು. ಸೀಟಿನ ನಾಲ್ಕು ಮೂಲೆಗಳಲ್ಲಿ ಎರಡು ಮೂರು ಸಾಲು ಹೊಲಿಗೆ ಬೇಕು.

ಬಟ್ಟೆಯ ಮೇಲೆ 600 ಡಿನಿಯರ್ ಅಂತ ಇದ್ದರೆ ಒಳ್ಳೆಯದು. ಡಿನಿಯರ್ ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 300 ಇದ್ದರೆ ನೂಲು ಅದರ ಅರ್ಧ ತೂಕದ್ದು ಅಂತ ಅರ್ಥ. ಚಪ್ಪರದ ಬಟ್ಟೆಗೆ ಯುಪಿಎಫ್ 50 ಅಂತ ಬರೆದಿರಬೇಕು, ಬಿಸಿಲಿನ ಅತಿನೇರಳೆ ಕಿರಣವನ್ನು ಬಟ್ಟೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು.

ಕೊನೆಗೆ ಚೀಲದ ಬಾಯಿ. ಎಲ್ಲರೂ ಮರೆಯುವುದು ಇದನ್ನೇ. ಬಾಯಿ ಅಗಲ ಇಲ್ಲದಿದ್ದರೆ ಪ್ರತಿ ಶನಿವಾರ ಪಾರ್ಕಿಂಗ್‌ನಲ್ಲಿ ಕುಸ್ತಿ. ಕೆಲವು ಮಾದರಿಯಲ್ಲಿ ಚಪ್ಪರವೇ ಕೆಳಗೆ ಮಗುಚಿಕೊಂಡು ಚೀಲವಾಗುತ್ತದೆ, ಬೆನ್ನಿಗೆ ಹಾಕಿಕೊಳ್ಳಲು ಪಟ್ಟಿಯೂ ಇರುತ್ತದೆ. ಅದು ಜಾಣತನದ ಕೆಲಸ, ಆದರೆ ಅವು ಸ್ವಲ್ಪ ಚಿಕ್ಕವು.

## ಕೂರುವುದು, ಏಳುವುದು, ಮಡಚುವುದು

ನಮ್ಮತ್ತೆಗೆ ಮಂಡಿ ನೋವು. ಇದರಲ್ಲಿ ಕೂತರೆ ಏಳೋಕೆ ಆಗುತ್ತಾ?

ಇದು ಸರಿಯಾದ ಪ್ರಶ್ನೆ. ಜೋತು ಬಿದ್ದ ಬಟ್ಟೆಯ ಸೀಟು ಕೂರಲು ಸುಖ, ಏಳಲು ಕಷ್ಟ. ಸೊಂಟ ಮಂಡಿಗಿಂತ ಕೆಳಗೆ ಹೋದರೆ ವಯಸ್ಸಾದವರು ಸಿಕ್ಕಿಬೀಳುತ್ತಾರೆ. ಸೀಟಿನ ಎತ್ತರ ನೆಲದಿಂದ 45 ಸೆಂ.ಮೀ. ಹತ್ತಿರ ಇರುವುದನ್ನೇ ಹುಡುಕಿ, ಕೂತಾಗ ಅದು ಐದಾರು ಸೆಂ.ಮೀ. ಇಳಿಯುತ್ತದೆ ಅನ್ನುವ ಲೆಕ್ಕ ಇಟ್ಟುಕೊಂಡು. ಕುರ್ಚಿಯ ಕೈಗಳ ಮೇಲೆ ಬರೀ ಬಟ್ಟೆ ಇದ್ದರೆ ಊರಿ ಏಳಲಾಗುವುದಿಲ್ಲ. ಒಳಗೆ ಗಟ್ಟಿ ಪಟ್ಟಿ ಇರುವ ಕೈ ಬೇಕು.

ನಮ್ಮಮ್ಮ ಮೊದಲ ಸಲ ಎದ್ದಾಗ ಕುರ್ಚಿಯೂ ಅವರ ಜೊತೆ ಎದ್ದಿತು. ಸುತ್ತಲಿದ್ದವರು ನಕ್ಕರು, ಅಮ್ಮನಿಗೆ ಬೇಜಾರಾಯಿತು. ಆಮೇಲೆ ಒಂದು ದಪ್ಪ ದಿಂಬನ್ನು ಸೀಟಿನಲ್ಲಿ ಹಾಕಿ ಎತ್ತರಿಸಿದೆವು. ಏಳುವಾಗ ಮೊದಲು ಮುಂದಕ್ಕೆ ಜರುಗಿ, ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಕೈ ಒಟ್ಟಿಗೆ ಊರಬೇಕು. ಒಂದೇ ಕೈ ಊರಿದರೆ ಕುರ್ಚಿ ಆ ಕಡೆ ಮಡಚುತ್ತದೆ. ಎದುರಿಗೆ ನಿಂತು ಕೈ ಕೊಡುವವರು ಕುರ್ಚಿಯ ಮುಂದಿನ ಕಾಲನ್ನು ತಮ್ಮ ಪಾದದಿಂದ ತಡೆದರೆ ಇನ್ನೂ ಒಳ್ಳೆಯದು.

ಸೀರೆ ಉಟ್ಟು ಕೂರಬಹುದಾ?

ಕೂರಬಹುದು, ಅಂಚು ನೋಡಿಕೊಳ್ಳಿ. ಕಾಲುಗಳು ದಾಟುವ ಜಾಗದಲ್ಲಿ ಸೆರಗು, ದುಪಟ್ಟಾ ಸಿಕ್ಕಿಕೊಳ್ಳುತ್ತವೆ. ಯುಗಾದಿ ಪಿಕ್ನಿಕ್‌ಗೆ ಉಟ್ಟಿದ್ದ ನನ್ನ ಇಳಕಲ್ ಸೀರೆಯ ಸೆರಗಿನಲ್ಲಿ ಇವತ್ತಿಗೂ ಒಂದು ಗ್ರೀಸ್ ಗೆರೆ ಇದೆ. ಕೂತ ಮೇಲೆ ಸೆರಗನ್ನು ಮಡಿಲಿಗೆ ಎಳೆದುಕೊಳ್ಳಿ. ಏಳುವ ಮುನ್ನ ಒಮ್ಮೆ ಕೆಳಗೆ ನೋಡಿ.

ನಮ್ಮಪ್ಪ ಕಾಲು ಇಳಿಬಿಟ್ಟು ಕೂರೋರಲ್ಲ. ಚಕ್ಕಳಮಕ್ಕಳ ಹಾಕಬಹುದಾ?

ಇದರ ಅಗಲಕ್ಕೆ ಆರಾಮಾಗಿ ಹಾಕಬಹುದು. ಮಾಮೂಲಿ ಕುರ್ಚಿಯಲ್ಲಿ ಸಾಧ್ಯವೇ ಇಲ್ಲದ ಸುಖ ಇದು. ಆದರೆ ಕಾಲು ಮೇಲಿಟ್ಟಾಗ ಮುಂದಕ್ಕೆ ಬಾಗಬಾರದು. ಬಿದ್ದ ಚಪ್ಪಲಿ ತೆಗೆದುಕೊಳ್ಳಲು ಬಗ್ಗಿದರೆ ಮನುಷ್ಯನ ಸಮೇತ ಕುರ್ಚಿ ಮುಗ್ಗರಿಸುತ್ತದೆ.

ಕಪ್ ಇಡೋ ಜಾಗದಲ್ಲಿ ಕಾಫಿ ಇಡಬಹುದಾ?

ಮುಚ್ಚಳ ಇರುವ ಮಗ್ ಇಡಿ. ಅದು ಬರೀ ಜಾಳಿಗೆ ಬಟ್ಟೆಯ ಗೂಡು, ತಳ ಗಟ್ಟಿ ಇಲ್ಲ. ಸ್ಟೀಲ್ ಲೋಟ ಇಟ್ಟು ಮೊಣಕೈ ಆಡಿಸಿದರೆ ಕಾಫಿ ತೊಡೆಗೆ.

ತೆಗೆಯೋದು ಒಂದು ನಿಮಿಷ, ಚೀಲಕ್ಕೆ ವಾಪಸ್ ತುಂಬೋದು ಹೇಗೆ ಮಾರಾಯ್ರೆ?

ಎಲ್ಲರೂ ಕುರ್ಚಿಯನ್ನು ಮೊದಲು ಮಡಚಿ ಆಮೇಲೆ ಚಪ್ಪರದ ಜೊತೆ ಜಗಳ ಆಡುತ್ತಾರೆ. ತಿರುಗಾಮುರುಗಾ ಮಾಡಿ. ಕುರ್ಚಿ ಬಿಚ್ಚಿಕೊಂಡು ನಿಂತಿರುವಾಗಲೇ ಚಪ್ಪರವನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಅದರ ಕಂಬಗಳು ಬೆನ್ನಿನ ಕಂಬಗಳಿಗೆ ಅಂಟಿಕೊಳ್ಳಬೇಕು. ಈಗ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಒಟ್ಟಿಗೆ ತನ್ನಿ. ಸೀಟಿನ ಬಟ್ಟೆ ಮೇಲಕ್ಕೆ ಉಬ್ಬಿ ಬರುತ್ತದೆ, ಅದನ್ನು ಮಧ್ಯದಿಂದ ಎತ್ತಿ ಒಳಗೆ ತಳ್ಳಿ. ಜೋತಾಡುವ ಚಪ್ಪರದ ಬಟ್ಟೆಯನ್ನು ಕಟ್ಟಿನ ಸುತ್ತ ಪಂಚೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಇರುವ ಪಟ್ಟಿಯಿಂದ ಬಿಗಿಯಿರಿ.

ಚೀಲವನ್ನು ನೆಲದ ಮೇಲಿಟ್ಟು ತುರುಕಬೇಡಿ. ಕುರ್ಚಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಕಾಲುಗಳು ಮೇಲಿರಲಿ. ದಿಂಬಿಗೆ ಕವರ್ ಹಾಕುವ ಹಾಗೆ ಮೇಲಿಂದ ಚೀಲ ಇಳಿಸಿ. ಕಾಲಿನ ತುದಿಯ ಅಗಲ ಬಿರಡೆಗಳು ಮೊದಲು ಒಳಗೆ ಹೋದರೆ ಉಳಿದದ್ದು ಜಾರಿಕೊಂಡು ಹೋಗುತ್ತದೆ. ನಮ್ಮ ಮಗನ ದಾಖಲೆ 40 ಸೆಕೆಂಡ್. ನನ್ನದು ಹೇಳುವುದಿಲ್ಲ.

## ಬಿಸಿಲು, ಗಾಳಿ, ಜನ

ಚಪ್ಪರ ಇದ್ದರೂ ಮುಖಕ್ಕೆ ಬಿಸಿಲು ಹೊಡೀತಾ ಇದೆ. ಯಾಕೆ?

ಸೂರ್ಯ ತಲೆ ಮೇಲಿದ್ದಾಗ ಮಾತ್ರ ಈ ಚಪ್ಪರ ಪೂರ್ತಿ ಕೆಲಸ ಮಾಡುತ್ತದೆ. ಇಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಡಲ್ಲಾಸ್ ತನ್ನ ಟೈಮ್ ಝೋನಿನ ನಡುಗೆರೆಗಿಂತ ಪಶ್ಚಿಮಕ್ಕೂ ಇದೆ. ಎರಡೂ ಸೇರಿ, ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದೂವರೆಯ ಹೊತ್ತಿಗೆ. ಬೆಳಗ್ಗೆ ಒಂಬತ್ತರ ಮ್ಯಾಚು ಅಂದರೆ ಸೂರ್ಯನ ಲೆಕ್ಕದಲ್ಲಿ ಏಳೂವರೆ. ಬಿಸಿಲು ಪಕ್ಕದಿಂದ, ಚಪ್ಪರದ ಅಡಿಯಿಂದ ನುಗ್ಗುತ್ತದೆ.

ಸೂರ್ಯನಿಗೆ ಬೆನ್ನು ಹಾಕಿ ಕೂತರೆ ಎಲ್ಲಾ ಸರಿ. ಆದರೆ ಸಾಕರ್‌ನಲ್ಲಿ ಆಟಗಾರರು ಒಂದು ಬದಿ, ಪೋಷಕರು ಇನ್ನೊಂದು ಬದಿ ಅಂತ ಸಾಮಾನ್ಯವಾಗಿ ಮೊದಲೇ ಗೊತ್ತಾಗಿರುತ್ತದೆ, ಆರಿಸುವ ಹಾಗಿಲ್ಲ. ಆಗ ಕುರ್ಚಿಯನ್ನು ಮೈದಾನಕ್ಕೆ ನೇರ ಇಡದೆ ಓರೆಯಾಗಿಡಿ, ಚಪ್ಪರವನ್ನು ಹುಬ್ಬಿನ ತನಕ ಬಾಗಿಸಿ. ಬಿಸಿಲು ಬೀಳುವ ಪಕ್ಕಕ್ಕೆ ಒಂದು ಹಳೇ ಟವೆಲನ್ನು ಬಟ್ಟೆ ಕ್ಲಿಪ್ ಹಾಕಿ ಇಳಿಬಿಡಿ. ನಮ್ಮ ಚೀಲದಲ್ಲಿ ನಾಲ್ಕು ಕ್ಲಿಪ್ ಸದಾ ಇರುತ್ತವೆ.

ನೆರಳು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ ಅನ್ನುವುದೂ ನೆನಪಿರಲಿ. ಜುಲೈನಲ್ಲಿ ಇಲ್ಲಿ 38 ಡಿಗ್ರಿ ಅಂದರೆ ಚಪ್ಪರದ ಕೆಳಗೂ 38 ಡಿಗ್ರಿಯೇ. ಮೈಗೆ ನೇರ ಬೀಳುವ ಬಿಸಿಲಿನ ಉರಿ ತಪ್ಪುತ್ತದೆ, ಅಷ್ಟೇ. ಬೆನ್ನಿನ ಭಾಗ ಜಾಳಿಗೆ ಬಟ್ಟೆ ಇದ್ದರೆ ಬೆವರು ಆರುತ್ತದೆ.

ನೆರಳಿದೆಯಲ್ಲ, ಸನ್‌ಸ್ಕ್ರೀನ್ ಯಾಕೆ ಬೇಕು?

ಯುಪಿಎಫ್ 50 ಅಂದರೆ ಬಟ್ಟೆಯ ಮೂಲಕ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2 ಮಾತ್ರ ಒಳಗೆ ಬರುತ್ತದೆ. ಅದು ಮೇಲಿನಿಂದ ಬರುವ ಕಿರಣದ ಕತೆ. ಪಕ್ಕದ ಆಕಾಶದಿಂದ ಬರುವುದನ್ನು ಬಟ್ಟೆ ತಡೆಯುವುದಿಲ್ಲ. ಒಣ ಮರಳು ಸುಮಾರು ಶೇ. 15ರಷ್ಟನ್ನು ಕೆಳಗಿನಿಂದ ಮುಖಕ್ಕೆ ತಿರುಗಿ ಎಸೆಯುತ್ತದೆ. ಹುಲ್ಲಿನ ಮೇಲೆ ಅದು ಕಡಿಮೆ. ಮೊಣಕಾಲು, ಪಾದ ಹೇಗೂ ಚಪ್ಪರದ ಹೊರಗೇ ಇರುತ್ತವಲ್ಲ, ಅವಕ್ಕಾದರೂ ಹಚ್ಚಿ.

ಗಾಳಿ ಬಂದ್ರ ಹಾರಿ ಹೋಗಂಗಿಲ್ಲೇನ್ರಿ?

ಹೋಗತದ್ರಿ! ಧಾರವಾಡದ ಗೆಳತಿ ಇದನ್ನು ಕೇಳಿದ ಎರಡನೇ ವಾರವೇ ನಮ್ಮದು ಹಾರಿತು. ಮಾರ್ಚ್ ತಿಂಗಳ ಮ್ಯಾಚು. ಈ ಬಯಲು ಸೀಮೆಯಲ್ಲಿ ವಸಂತ ಅಂದರೆ ಗಾಳಿಗಾಲ. ನಾನು ಬಾಳೆಹಣ್ಣು ತರಲು ಎದ್ದು ಕಾರಿಗೆ ಹೋಗಿದ್ದೆ. ಹಿಂತಿರುಗಿ ನೋಡಿದರೆ ಖಾಲಿ ಕುರ್ಚಿ ಚಪ್ಪರ ಅರಳಿಸಿಕೊಂಡು ಎರಡು ಪಲ್ಟಿ ಹೊಡೆದು, ಗೆರೆ ದಾಟಿ, ಹತ್ತು ವರ್ಷದೊಳಗಿನ ಹುಡುಗರ ಆಟದ ನಡುವೆ ಓಡುತ್ತಿತ್ತು. ರೆಫರಿ ಸೀಟಿ ಊದಿದರು. ಎದುರು ತಂಡದ ಗೋಲಿ ಅದನ್ನು ತಬ್ಬಿ ಹಿಡಿದ. ನಮ್ಮ ಮಗ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ ಅನ್ನುವುದು ದೊಡ್ಡದು. ಐದೂವರೆ ಕೆ.ಜಿ. ಉಕ್ಕು ಅದು.

ಅಂದಿನಿಂದ ಎರಡು ಕಟ್ಟಳೆ ಮಾಡಿಕೊಂಡಿದ್ದೇನೆ. ಕುರ್ಚಿಯಿಂದ ಎದ್ದರೆ, ಒಂದೇ ನಿಮಿಷಕ್ಕಾದರೂ ಸರಿ, ಚಪ್ಪರ ಹಿಂದಕ್ಕೆ ಮಡಚಲೇಬೇಕು. ಇನ್ನೊಂದು, ಧೂಳು ಎದ್ದು ಪೇಪರ್ ತಟ್ಟೆ ತಾನಾಗಿ ಹಾರಲು ಶುರುವಾದರೆ, ಕೂತಿದ್ದರೂ ಮಡಚಬೇಕು. ಆ ಹೊತ್ತಿಗೆ ಗಾಳಿ ಗಂಟೆಗೆ 20 ಕಿ.ಮೀ. ದಾಟಿರುತ್ತದೆ. ಹಿಂದಿನ ಕಾಲಿಗೆ ನೀರಿನ ಕ್ಯಾನು ಕಟ್ಟುವುದು, ಗೂಟ ಹೊಡೆಯುವುದು ಹಗುರ ಗಾಳಿಗೆ ಸಾಕು. ಜೋರು ಗಾಳಿಗೆ ಕಟ್ಟಿಟ್ಟರೆ ಕಂಬ ಬಾಗುತ್ತದೆ.

ಮಳೆ, ಗುಡುಗು ಶುರುವಾದರೆ ಇದರಡಿ ಕೂತಿರಬಹುದಾ?

ತುಂತುರಿಗೆ ಕೂರಿ. ಗುಡುಗು ಕೇಳಿದರೆ ಕುರ್ಚಿ ಅಲ್ಲೇ ಬಿಟ್ಟು ಕಾರಿನೊಳಗೆ ಹೋಗಿ, ಗಾಜು ಏರಿಸಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಕುರ್ಚಿ ಒದ್ದೆಯಾದರೆ ಒಣಗುತ್ತದೆ.

ಇದನ್ನ ಇಟ್ಟರೆ ಹಿಂದೆ ಕೂತವರು ಬೈತಾರೆ. ಎಲ್ಲಿಡೋದು?

ಬೈಯುವುದು ನ್ಯಾಯವೇ. ಬಿಚ್ಚಿದಾಗ ಇದು ನಾಲ್ಕೂವರೆ ಐದು ಅಡಿ ಎತ್ತರದ ಗೋಡೆ. ಸಾಲಿನ ತುದಿಯಲ್ಲಿ ಅಥವಾ ಎಲ್ಲರ ಹಿಂದೆ ಇಡಿ. ಮೈದಾನದ ಗೆರೆಯಿಂದ ಮೂರು ಹೆಜ್ಜೆ ದೂರ ಇರಲಿ, ಲೈನ್ಸ್‌ಮನ್ ಓಡಬೇಕು. ಹುಲ್ಲಿನ ಮೇಲೆ ಕೂತು ಸಂಗೀತ ಕೇಳುವ ಎಷ್ಟೋ ಕಡೆ ನೆಲದಿಂದ ಇಷ್ಟೇ ಎತ್ತರದ ಕುರ್ಚಿ ಅಂತ ನಿಯಮ ಇರುತ್ತದೆ, 9 ಇಂಚು ಅನ್ನುವುದು ಮಾಮೂಲು. ಅಲ್ಲಿ ಇದನ್ನು ಗೇಟಿನಲ್ಲೇ ತಡೆಯುತ್ತಾರೆ. ಟಿಕೆಟ್ ಕೊಳ್ಳುವಾಗಲೇ ಓದಿಕೊಳ್ಳಿ.

ಕೂಟದ ಪಿಕ್ನಿಕ್‌ನಲ್ಲಿ ಎದ್ದು ಬಂದರೆ ಯಾರೋ ಅಂಕಲ್ ಕೂತಿರ್ತಾರೆ. ಏನು ಮಾಡೋದು?

ಏನೂ ಮಾಡುವ ಹಾಗಿಲ್ಲ. "ಕೂತ್ಕೊಳ್ಳಿ ಅಂಕಲ್, ಪರವಾಗಿಲ್ಲ" ಅನ್ನಿ. ಅಂಥ ಕುರ್ಚಿ ಕಂಡರೆ ನಾವೂ ಕೂರುತ್ತೇವೆ. ಮನೆಗೆ ಹೊರಡುವಾಗ ಮಾತ್ರ ಕುರ್ಚಿ ಅದಲುಬದಲಾಗದಂತೆ ನೋಡಿಕೊಳ್ಳಿ, ಎಲ್ಲರದ್ದೂ ಅದೇ ಕಡುನೀಲಿ ಚೀಲ. ನಾನು ಹಿಡಿಕೆಗೆ ಹಳದಿ ಕೆಂಪು ರಿಬ್ಬನ್ ಕಟ್ಟಿದ್ದೆ. ಕನ್ನಡ ಕೂಟದಲ್ಲಿ ಅದೂ ಕೆಲಸಕ್ಕೆ ಬರಲಿಲ್ಲ, ಇನ್ನೂ ಮೂವರು ಅದನ್ನೇ ಕಟ್ಟಿದ್ದರು. ಈಗ ಸೀಟಿನ ಅಡಿಗೆ ಮಾರ್ಕರ್‌ನಲ್ಲಿ ಹೆಸರು ಬರೆದಿದ್ದೇನೆ.

ರಾತ್ರಿ ಪಟಾಕಿ ನೋಡ್ಲಿಕ್ಕೆ ಕೊಂಡೋದ್ರೆ ಪ್ರಯೋಜನ ಉಂಟಾ?

ಚಪ್ಪರ ಬಿಚ್ಚಿದರೆ ಪಟಾಕಿಯೇ ಕಾಣುವುದಿಲ್ಲ. ಅಡಿಸನ್ ಊರಿನ ಕಬೂಮ್ ಟೌನ್ ಪಟಾಕಿ ಜುಲೈ 3ರ ರಾತ್ರಿ. ಜಾಗ ಹಿಡಿಯಲು ಸಂಜೆ ಐದಕ್ಕೇ ಹೋಗಬೇಕು, ಸೂರ್ಯ ಮುಳುಗುವುದು ಎಂಟೂವರೆಯ ಮೇಲೆ. ಆ ಮೂರೂವರೆ ಗಂಟೆಗೆ ಚಪ್ಪರ ಬೇಕು, ಆಮೇಲೆ ಮಡಚಿ.

2024ರ ಏಪ್ರಿಲ್ 8ರ ಖಗ್ರಾಸ ಸೂರ್ಯಗ್ರಹಣಕ್ಕೂ ಇದನ್ನೇ ಹೊತ್ತುಕೊಂಡು ಪಾರ್ಕಿಗೆ ಹೋಗಿದ್ದೆವು. ಡಲ್ಲಾಸ್‌ನಲ್ಲಿ ಮಧ್ಯಾಹ್ನ 1:40ಕ್ಕೆ ಪೂರ್ಣ ಗ್ರಹಣ, ನಾಲ್ಕು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಬೆಳಗ್ಗೆಯಿಂದ ಮೋಡ, ಯಾರಿಗೂ ನಂಬಿಕೆ ಇರಲಿಲ್ಲ. ಮೋಡ ಸರಿದು ಕತ್ತಲಾದಾಗ ಅಪ್ಪ ಇದರಲ್ಲಿ ಒರಗಿ ನಿದ್ದೆ ಹೋಗಿದ್ದರು, ಮೇಲೆ ಚಪ್ಪರ ಬೇರೆ. ಎಬ್ಬಿಸಿ, ಚಪ್ಪರ ಸರಿಸಿ, ಅವರು ಕತ್ತೆತ್ತುವಷ್ಟರಲ್ಲಿ ಒಂದು ನಿಮಿಷ ಹೋಗಿತ್ತು.

ಬೀಚಿಗೆ ಒಯ್ಯಬಹುದಾ?

ಮೊದಲು ಆ ಊರಿನ ನಿಯಮ ನೋಡಿ. ಡೆಲವೇರ್‌ನ ರಿಹೋಬತ್ ಬೀಚಿನಲ್ಲಿ 2017ರಲ್ಲಿ ಟೆಂಟು, ಕ್ಯಾನಪಿಗಳನ್ನು ನಿಷೇಧಿಸಿದರು. ಮಾಮೂಲಿ ಛತ್ರಿಗೆ ಅಡ್ಡಿಯಿಲ್ಲ. ಅಂಥ ನಿಯಮ ನಾಲ್ಕು ಕಾಲಿನ ದೊಡ್ಡ ಟೆಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಕುರ್ಚಿಗೆ ಅಂಟಿದ ಚಪ್ಪರ ಅದರಲ್ಲಿ ಬರುತ್ತದೋ ಇಲ್ಲವೋ ಅಂತ ಅಲ್ಲಿನ ಲೈಫ್‌ಗಾರ್ಡ್ ಹತ್ತಿರ ಒಂದು ಮಾತು ಕೇಳಿಕೊಂಡು ಬಿಚ್ಚಿ.

ನಾವು ಹೋಗುವುದು ಗಾಲ್ವೆಸ್ಟನ್‌ಗೆ. ಮರಳಲ್ಲಿ ಕಾಲು ಹೂತು ಕುರ್ಚಿ ವಾಲುತ್ತದೆ. ಕಾಲಿಗೆ ಹಳೇ ಟೆನಿಸ್ ಬಾಲ್ ಸೀಳಿ ಹಾಕಿದರೆ ಸ್ವಲ್ಪ ನಿಲ್ಲುತ್ತದೆ. ಮನೆಗೆ ಬಂದ ದಿನವೇ ಪೈಪು, ಗಂಟು, ರಿವೆಟ್ ಎಲ್ಲಕ್ಕೂ ಸಿಹಿನೀರು ಹಾಯಿಸಬೇಕು. ಒಂದು ವಾರ ಬಿಟ್ಟರೆ ಬಣ್ಣ ಕೆರೆದುಹೋದ ಕಡೆಯೆಲ್ಲಾ ತುಕ್ಕು.

## ತೊಳೆಯುವುದು, ಕಾಪಾಡುವುದು, ರಿಪೇರಿ

ಬಿಸಿಬೇಳೆಬಾತ್ ಬಿದ್ದು ಹಳದಿ ಕಲೆ ಆಗಿದೆ. ಹೋಗುತ್ತಾ?

ಹೋಗುತ್ತದೆ, ಬಿಸಿಲೇ ತೆಗೆಯುತ್ತದೆ. ಮೊದಲು ಎಣ್ಣೆಯಂಶಕ್ಕೆ ಕಡಲೆಹಿಟ್ಟು ಉದುರಿಸಿ ಹದಿನೈದು ನಿಮಿಷ ಬಿಟ್ಟು ಕೊಡವಿ. ಪಾತ್ರೆ ತೊಳೆಯುವ ಸೋಪು ಹಚ್ಚಿ ಮೆತ್ತನೆ ಬ್ರಶ್‌ನಿಂದ ಉಜ್ಜಿ, ಪೈಪಿನಲ್ಲಿ ನೀರು ಬಿಡಿ. ಉಳಿದ ಅರಿಶಿನದ ಬಣ್ಣ ಎರಡು ಮೂರು ದಿನದ ಬಿಸಿಲಿಗೆ ಮಾಸುತ್ತದೆ. ಸೀಟು ಬಿಚ್ಚಲು ಬಂದರೂ ವಾಷಿಂಗ್ ಮಷಿನ್ ಬೇಡ, ಬಟ್ಟೆಯ ಒಳಗಿನ ನೀರು ತಡೆಯುವ ಲೇಪ ಸಿಪ್ಪೆ ಏಳುತ್ತದೆ.

ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಯಾಕೆ?

ಒದ್ದೆ ಇರುವಾಗ ಕಟ್ಟಿಟ್ಟಿದ್ದೀರಿ. ಬೆಳಗಿನ ಹುಲ್ಲಿನ ಇಬ್ಬನಿ ಸಾಕು, ಮಳೆಯೇ ಆಗಬೇಕಿಲ್ಲ. ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಸೇರಿಸಿ ಒರೆಸಿ, ತೊಳೆದು, ಚೀಲವನ್ನೂ ತಿರುವಿ ಒಣಗಿಸಿ.

ಮ್ಯಾಚ್ ಮುಗಿಸಿ ಬಂದ ಮೇಲೆ ಕಾರೊಳಗೆಲ್ಲಾ ಇರುವೆ! ಕುರ್ಚಿಯಿಂದಾನಾ?

ಚೀಲದಿಂದ. ಟೆಕ್ಸಸ್‌ಗೆ ಹೊಸದಾಗಿ ಬಂದವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಇಲ್ಲಿನ ಕೆಂಪು ಬೆಂಕಿ ಇರುವೆ ಹುಲ್ಲಿನ ನಡುವೆ ಸಡಿಲ ಮಣ್ಣಿನ ಗುಡ್ಡೆ ಮಾಡಿಕೊಂಡಿರುತ್ತದೆ. ನೋಡಲು ಇಲಿ ಕೆದರಿದ ಮಣ್ಣಿನ ಹಾಗೆ. ಅದರ ಮೇಲೆ ಕುರ್ಚಿಯ ಕಾಲು ಬಿದ್ದರೆ ನಿಮಿಷದಲ್ಲಿ ನೂರಾರು ಮೇಲೇರುತ್ತವೆ, ಒಟ್ಟಿಗೆ ಕಚ್ಚುತ್ತವೆ. ಮಾರನೇ ದಿನ ಕಚ್ಚಿದಲ್ಲೆಲ್ಲಾ ಕೀವು ತುಂಬಿದಂಥ ಬಿಳಿ ಗುಳ್ಳೆ. ಊರಿನ ಚಗಳಿ ಇರುವೆ ಇದರ ಮುಂದೆ ಸಾಧು.

ಕುರ್ಚಿ ಬಿಚ್ಚುವ ಮುನ್ನ ಸುತ್ತ ಎರಡು ಮಾರು ನೆಲ ನೋಡಿ. ಖಾಲಿ ಚೀಲವನ್ನು ಹುಲ್ಲಿನ ಮೇಲೆ ಎಸೆಯಬೇಡಿ, ಕುರ್ಚಿಯ ಬೆನ್ನಿಗೆ ಕಟ್ಟಿ. ಕಚ್ಚಿದ ಮೇಲೆ ಉಸಿರಾಟ ಕಷ್ಟವಾದರೆ, ತುಟಿ ಮುಖ ಊದಿಕೊಂಡರೆ ಕಾಯಬೇಡಿ, 911ಕ್ಕೆ ಕರೆ ಮಾಡಿ.

ಚಳಿಗಾಲದಲ್ಲಿ ಗರಾಜಿನಲ್ಲಿಟ್ಟರೆ ಸಾಕಾ?

ಸಾಕು, ನೆಲದಲ್ಲಿಡದೆ ಗೋಡೆಗೆ ನೇತು ಹಾಕಿ. ಮಾರ್ಚ್‌ನಲ್ಲಿ ಮೊದಲ ಸಲ ಬಿಚ್ಚುವಾಗ ಹಿತ್ತಲಿಗೆ ಒಯ್ದು ಬಿಚ್ಚಿ. ಮಡಿಕೆಗಳಲ್ಲಿ ಜೇಡ, ಕಣಜ ಮನೆ ಮಾಡಿರುತ್ತವೆ.

ಪ್ಲಾಸ್ಟಿಕ್ ಗಂಟು ಬಿರುಕು ಬಿಟ್ಟಿದೆ. ಟೇಪ್ ಸುತ್ತಿದರೆ ನಡೆಯುತ್ತಾ?

ಎಲ್ಲಿಯ ಗಂಟು ಅನ್ನುವುದರ ಮೇಲೆ ಹೋಗುತ್ತದೆ. ಚಪ್ಪರದ ಕಂಬದ್ದಾದರೆ ಟೇಪ್, ಝಿಪ್ ಟೈ ಏನು ಬೇಕಾದರೂ ಸುತ್ತಿ, ಮುರಿದರೂ ತಲೆ ಮೇಲೆ ಬಟ್ಟೆ ಬೀಳುತ್ತದೆ ಅಷ್ಟೇ. ಕಾಲಿನ ಗಂಟು ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಿ ಅಮ್ಮನನ್ನು ಕೂರಿಸಬೇಡಿ. ಬಿಡಿಭಾಗ ಸಿಗುತ್ತದಾ ಅಂತ ಕಂಪನಿಗೆ ಬರೆದು ನೋಡಿ, ಇಲ್ಲದಿದ್ದರೆ ಚಪ್ಪರ ಬಿಚ್ಚಿಟ್ಟುಕೊಂಡು ಕುರ್ಚಿ ಎಸೆಯಿರಿ.

ಸೀಟಿನ ಮೂಲೆ ಕಿತ್ತು ಬಂದರೆ ಮಾತ್ರ ಮನೆಯಲ್ಲೇ ಸರಿ ಮಾಡಬಹುದು. ದಪ್ಪ ಸೂಜಿ, ಹಲ್ಲಿನ ಫ್ಲಾಸ್ ದಾರ. ಹೌದು, ಅದೇ ದಾರ, ನೈಲಾನಿನದು, ಒದ್ದೆಯಾದರೆ ಹತ್ತಿ ದಾರದ ಹಾಗೆ ಬೇಗ ಲಡ್ಡಾಗುವುದಿಲ್ಲ. ಹಳೇ ಬ್ಯಾಗಿನ ಪಟ್ಟಿ ಒಂದು ತುಂಡು ಒಳಗಿಟ್ಟು ಎರಡು ಸಾಲು ಹೊಲಿಯಿರಿ. ಕಾಲಿನ ಬಿರಡೆ ಕಳೆದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ಅಳತೆ ಕೊಟ್ಟು ರಬ್ಬರ್ ಟೋಪಿ ತನ್ನಿ. ಅದಿಲ್ಲದೆ ಬಳಸಿದರೆ ಪೈಪಿನೊಳಗೆ ಮಣ್ಣು, ನೀರು ಸೇರಿ ಒಳಗಿನಿಂದ ತುಕ್ಕು ತಿನ್ನುತ್ತದೆ.

ಊರಿಗೆ ಹೋಗುವಾಗ ಒಂದು ತಗೊಂಡು ಹೋಗಬಹುದಾ?

ವಿಮಾನದಲ್ಲಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 23 ಕೆ.ಜಿ. ತೂಕ, ಉದ್ದ ಅಗಲ ಎತ್ತರ ಕೂಡಿದರೆ 158 ಸೆಂ.ಮೀ. ಮಿತಿ. ಮಡಚಿದ ನಮ್ಮ ಕುರ್ಚಿ 105, 20, 20, ಒಟ್ಟು 145. ಅದನ್ನೇ ಒಂದು ನಗ ಅಂತ ಕೊಟ್ಟರೆ ಉಳಿದ ಹದಿನೇಳೂವರೆ ಕೆ.ಜಿ. ವ್ಯರ್ಥ. ಉದ್ದನೆಯ ಡಫಲ್ ಬ್ಯಾಗಿನಲ್ಲಿ ಕುರ್ಚಿ ಇಟ್ಟು ಸುತ್ತ ಬಟ್ಟೆ, ಟವೆಲ್ ತುಂಬಿ, 158 ದಾಟದಂತೆ ಟೇಪ್ ಹಿಡಿದು ಅಳೆಯಿರಿ. ಕಾಲಿನ ತುದಿಗೆ ದಪ್ಪ ರಟ್ಟು ಸುತ್ತದಿದ್ದರೆ ಬ್ಯಾಗು ಹರಿಯುತ್ತದೆ.

ಅಪ್ಪನಿಗೆ ಅಂತ ಕಳೆದ ಸಲ ಒಂದು ಒಯ್ದಿದ್ದೆವು. ಅಡಿಕೆ ಒಣ ಹಾಕಿದಾಗ ಮಂಗ ಕಾಯಲು ಅಂಗಳದಲ್ಲಿ ಕೂರುತ್ತಾರಲ್ಲ, ಬಿಸಿಲಿಗೆ ಒಳ್ಳೆಯದಾಗುತ್ತದೆ ಅಂದುಕೊಂಡಿದ್ದೆ. ಹೋದ ವಾರ ವಿಡಿಯೋ ಕಾಲ್‌ನಲ್ಲಿ ನೋಡಿದರೆ ಕುರ್ಚಿ ಅಂಗಳದ ಸೋಗೆ ಚಪ್ಪರದ ಅಡಿಗೇ ಇದೆ, ಅದರ ಸ್ವಂತ ಚಪ್ಪರ ಹಿಂದಕ್ಕೆ ಮಡಚಿದೆ. "ಒಂದಿದ್ಯಲ್ಲ ಮಾರಾಯ್ತಿ, ಎರಡ್ಯಾಕೆ?" ಅಂದರು ಅಪ್ಪ. ಕಪ್ ಇಡುವ ಗೂಡಿನಲ್ಲಿ ಎಲೆ ಅಡಿಕೆ ಸಂಚಿ, ಸುಣ್ಣದ ಡಬ್ಬಿ ಇದ್ದವು.